ಪ್ರಶ್ನೆಗಳ ನದಿ

ಮನೆಗೆ ಬಂದವಳೇ ನೀಲಗಂಗಾ ಹೆಗಲ ಚೀಲವನ್ನು ಕಟ್ಟೆಯ ಮೇಲೆ ಒಗೆದು, ಅಡುಗೆಮನೆಗೆ ನುಗ್ಗಿ, ತನ್ನ ಬಲಗೈ ಹೆಬ್ಬೆರಳನ್ನು ಅತ್ತಿಗೆಯ ಮುಖದ ಮುಂದೆ ಹಿಡಿದಳು. ಬೆರಳು ಊದಿತ್ತು.

"ನೋಡು ವೈನಿ, ನಿನ್ನ ಆ್ಯಪು ನನ್ನ ಬೆರಳು ತಿಂದುಬಿಟ್ಟದ."

ಜಗದೇವಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ನದ್ಯಾಕಾಗ್ತದ? ಸರ್ಕಾರದ್ದು."

"ಬರೆದಾಕಿ ನೀನೇ ಅಲ್ಲ? ಒಂದು ಹೆಜ್ಜಿ ಇಟ್ರ 'ಈ ಬಿಂದು ಸರಿಯೇ?' ಅಂತದ. ಹೌದು ಅಂದ್ರ 'ಖಾತ್ರಿಯೇ?' ಅಂತದ. ಅದಕ್ಕೂ ಹೌದು ಅಂದ್ರ 'ಉಳಿಸಲೇ?' ಉಳಿಸಪಾ ನಮ್ಮಪ್ಪ, ಅದಕ್ಕೇ ಅಲ್ಲ ನಾ ಬಿಸಿಲಾಗ ಸಾಯ್ಲತ್ತಿದ್ದು!"

ಒಳಕೋಣೆಯಿಂದ ಅತ್ತೆ ಭೀಮಬಾಯಿ ನಕ್ಕ ಸದ್ದು ಕೇಳಿಸಿತು. ಜಗದೇವಿಗೆ ನಗು ಬರಲಿಲ್ಲ. ನಾದಿನಿ ಹೇಳಿದ ಪ್ರತಿ ಮಾತೂ ನಿಜವೆಂದು ಅವಳಿಗೆ ಗೊತ್ತಿತ್ತು.

ಚಿಂಚರಗಾ ನೆಲಕ್ಕೆ ಹಾಸುವ ಫರ್ಷಿ ಕಲ್ಲಿನ ಊರು. ಕಲಬುರಗಿ ಸೀಮೆಯ ಆ ಭಾಗದಲ್ಲಿ ಮನೆಯ ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಸುಣ್ಣಕಲ್ಲಿನ ಪದರಗಳ ಮೇಲೆ ಊರೇ ಕೂತಿದೆ. ಸುಣ್ಣಕಲ್ಲಿಗೆ ಒಂದು ಗುಣವಿದೆ: ನೀರು ಅದನ್ನು ನಿಧಾನವಾಗಿ ಕರಗಿಸುತ್ತದೆ, ಒಳಗೊಳಗೇ ಪೊಳ್ಳು ಮಾಡುತ್ತದೆ. ಊರಿನಲ್ಲಿ ಅಲ್ಲೊಂದು ಇಲ್ಲೊಂದು ನೆಲ ಕುಸಿಯತೊಡಗಿದ ಮೇಲೆ ಸರ್ಕಾರ ಅಲ್ಲಿ ಭೂಭಾರ ಸರ್ವೆ ಆರಂಭಿಸಿತ್ತು.

ಭೂಮಿ ಎಲ್ಲವನ್ನೂ ತನ್ನತ್ತ ಎಳೆಯುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಸಮನಾಗಿ ಅಲ್ಲ. ಕಾಲಡಿ ಗಟ್ಟಿ ಬಂಡೆಯಿದ್ದರೆ ಸೆಳೆತ ಎಳ್ಳಷ್ಟು ಹೆಚ್ಚು, ಪೊಳ್ಳಿದ್ದರೆ ಎಳ್ಳಷ್ಟು ಕಡಿಮೆ. ಆ ಎಳ್ಳಷ್ಟನ್ನು ಅಳೆಯಲು ಹಿಂದೆ ಕೋಣೆ ತುಂಬುವ ಉಪಕರಣ ಬೇಕಾಗಿತ್ತು. ಈಗ ಅದು ಮೊಬೈಲಿನೊಳಗಿನ ಒಂದು ಚಿಪ್ ಆಗಿತ್ತು. ತಣ್ಣಗೆ ಮಾಡಿದ ಪರಮಾಣುಗಳ ಒಂದು ಸಣ್ಣ ಮೋಡವನ್ನು ಚಿಪ್ ತನ್ನೊಳಗೇ ಬೀಳಬಿಡುತ್ತಿತ್ತು. ಅದು ಎಷ್ಟು ಬೇಗ ಬಿತ್ತೆಂಬುದರಿಂದ ಕೆಳಗಿನ ನೆಲ ಎಷ್ಟು ಭಾರವೆಂದು ಲೆಕ್ಕ ಹಾಕುತ್ತಿತ್ತು. ಮೊಬೈಲ್ ಹಿಡಿದು ನಾಲ್ಕು ಹೆಜ್ಜೆ ನಡೆಯಬೇಕು, ಅಲುಗದೆ ನಿಲ್ಲಬೇಕು, ಮತ್ತೆ ನಡೆಯಬೇಕು. ನೀಲಗಂಗಾಳಂಥ ಊರಿನ ಹತ್ತಾರು ಹೆಣ್ಣುಮಕ್ಕಳಿಗೆ ಆ ಕೆಲಸ ಸಿಕ್ಕಿತ್ತು. ಅವಳಿಗಂತೂ ಅದು ಜೀವ ಹಿಡಿದಿಡುವ ಕೆಲಸ. ಗಂಡ ತೀರಿಹೋದ ಮೇಲೆ ಅಣ್ಣ ಚಂದ್ರಶಾನ ಮನೆಗೆ ಬಂದು ಸೇರಿದ್ದಳು. ಆ ಮನೆಯ ಮುಂದಿನ ಕೋಣೆ ಬಿಟ್ಟರೆ ಲೋಕದಲ್ಲಿ ಅವಳದೆನ್ನುವ ಜಾಗವಿರಲಿಲ್ಲ.

ಜಗದೇವಿ ಅದೇ ಸರ್ವೆಯ ನಿಯಂತ್ರಣ ಕೊಠಡಿಯಲ್ಲಿ ಆ್ಯಪ್ ನೋಡಿಕೊಳ್ಳುವವಳು. ಬಸ್ ನಿಲ್ದಾಣದ ಮೇಲಿನ ಉದ್ದನೆಯ ಹಾಲ್ ಅವರ ಕಚೇರಿ. ಒಂದು ಗೋಡೆಯ ತುಂಬ ಪರದೆ, ಅದರ ಮೇಲೆ ಊರಿನ ನಕ್ಷೆ. ಯಾವಳೋ ಎಲ್ಲೋ 'ಹೌದು' ಒತ್ತಿದ ಕೂಡಲೇ ನಕ್ಷೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡುತ್ತಿತ್ತು.

ಮೊದಲು ಆ್ಯಪ್ ಒಂದೇ ಪ್ರಶ್ನೆ ಕೇಳುತ್ತಿತ್ತು. ಯಾರೋ ಒಮ್ಮೆ ಓಡುವ ಆಟೋದಲ್ಲಿ ಕೂತು ಅಳತೆ ತೆಗೆದರೆಂದು ಎರಡನೆಯದು ಬಂತು. ಮೇಲಿನಿಂದ ಯಾರೋ ತಕರಾರು ಮಾಡಿದರೆಂದು ಮೂರನೆಯದು. ಪ್ರತಿ ತಪ್ಪಿಗೂ ಒಂದು ಪ್ರಶ್ನೆ ಸೇರುತ್ತ ಹೋಯಿತು. ಯಾವುದನ್ನೂ ತೆಗೆಯುವ ಧೈರ್ಯ ಯಾರೂ ಮಾಡಲಿಲ್ಲ.

ಹೀಗಿರುವಾಗ ಒಂದು ದಿನ, ಊರ ಹೊರಗಿನ ಪಾಲಿಶ್ ಕಾರ್ಖಾನೆಯ ಅಂಗಳದಲ್ಲಿ ಫರ್ಷಿ ಹೇರಿದ ಲಾರಿ ನಿಂತಲ್ಲೇ ನೆಲದೊಳಗೆ ಇಳಿಯಿತು. ಡ್ರೈವರ್ ಹೊರಗೆ ಹಾರಿ ಕಾಲು ಮುರಿದುಕೊಂಡ. ಜೀವ ಉಳಿದದ್ದು ಪುಣ್ಯ. ಜಗದೇವಿ ಆ ಜಾಗದ ಹಳೆಯ ಅಳತೆ ತೆರೆದು ನೋಡಿದಳು. ನೆಲ ಅಲ್ಲಿ ಹಗುರವಾಗಿತ್ತು. ಚಿಪ್ ಅದನ್ನು ಸರಿಯಾಗಿಯೇ ಹಿಡಿದಿತ್ತು. 'ಖಾತ್ರಿಯೇ?' ಎಂದು ಆ್ಯಪ್ ಕೇಳಿಯೂ ಇತ್ತು. ನಡೆಯುವಾಕೆ ಉಳಿದೆಲ್ಲ ಕಡೆ ಒತ್ತಿದಂತೆ ಅಲ್ಲೂ 'ಹೌದು' ಒತ್ತಿ ಮುಂದೆ ಹೋಗಿದ್ದಳು. ಹಸಿರು ಚುಕ್ಕೆಗಳ ಕಾಡಿನಲ್ಲಿ ಆ ಚುಕ್ಕೆಯೂ ಹಸಿರಾಗಿಯೇ ಕೂತಿತ್ತು.

ಮರುದಿನ ಅವಳು ಸರ್ವೆಯ ಮುಖ್ಯಸ್ಥ ಮಾಣಿಕರಾವ್ ಅವರ ಮುಂದೆ ಹೋಗಿ ನಿಂತಳು. ಮಾಣಿಕರಾವ್ ಭೂವಿಜ್ಞಾನಿ, ನಿವೃತ್ತಿಗೆ ಹತ್ತಿರವಾದವರು, ಆಡುವ ಮಾತನ್ನು ತೂಗಿ ಆಡುವವರು.

"ಸರ್, ಪ್ರಶ್ನೆ ತೆಗೀಬೇಕು."

"ಲಾರಿ ಮುಳುಗಿದ ಮರುದಿನ ಬಂದು ಪ್ರಶ್ನೆ ತೆಗೀಬೇಕಂತೀರಲ್ಲ, ಜಗದೇವಿ? ನಾನು ಇನ್ನೊಂದು ಹಾಕಬೇಕಂತ ಕೂತೀನಿ."

"ಇನ್ನೊಂದು ಹಾಕಿದ್ರ ಅದಕ್ಕೂ ಹೌದು ಅಂತಾರ್ರಿ. ದಿನಾಪೂರ್ತಿ ಒಂದೇ ಮಾತು ಕೇಳಿದ್ರ ಮನುಷ್ಯರು ಕೇಳಿಸಿಕೊಳ್ಳೋದೇ ಬಿಡ್ತಾರ. ನಮಗ ಬೇಕಾದ ಪ್ರಶ್ನಿ ಬ್ಯಾಡಾದ ಪ್ರಶ್ನಿಗಳ ಕೆಳಗ ಸಿಕ್ಕು ಸತ್ತದ."

"ಕೇಳೋದು ಬಿಟ್ರ ತಪ್ಪು ಅಳತೆ ಒಳಗ ಬರ್ತದಲ್ಲ?"

ಜಗದೇವಿ ತನ್ನ ಯೋಚನೆಯನ್ನು ಬಿಡಿಸಿಟ್ಟಳು. ಸುತ್ತಲಿನ ನೆಲದ ಭಾರ ಗೊತ್ತಿದ್ದರೆ ಮುಂದಿನ ಹೆಜ್ಜೆಯಲ್ಲಿ ನೆಲ ಎಷ್ಟು ತೂಗಬೇಕೆಂದು ಆ್ಯಪ್ ತಾನೇ ಊಹಿಸಬಹುದು. ಊಹೆಗೂ ಅಳತೆಗೂ ತಾಳೆ ಬಿದ್ದರೆ ಸದ್ದಿಲ್ಲದೆ ಉಳಿಸಿಕೊಳ್ಳಲಿ. ಕೈತಪ್ಪಾದರೆ ಹಿಂದಕ್ಕೆ ಪಡೆಯಲು ಒಂದು ಗುಂಡಿ ಇರಲಿ. ತಾಳೆ ಬೀಳದಿದ್ದಾಗ ಮಾತ್ರ ಅದು ಬಾಯಿ ಬಿಡಲಿ. ಬಾಯಿ ಬಿಟ್ಟಾಗಲೂ 'ಖಾತ್ರಿಯೇ' ಎನ್ನದೆ, ಮನುಷ್ಯರು ನಿಜವಾಗಿ ಉತ್ತರಿಸಬಹುದಾದ ಮಾತು ಕೇಳಲಿ.

ಮಾಣಿಕರಾವ್ ಕನ್ನಡಕ ತೆಗೆದು ಒರೆಸಿದರು. "ಅಂದ್ರ, ಅದಕ್ಕ ಅನುಮಾನ ಬಂದಲ್ಲಿ ಮಾತ್ರ ಕೇಳ್ತದ."

"ಹೌದ್ರಿ. ಅನುಮಾನ ಅದರದ್ದು. ಉತ್ತರ ನಮ್ಮದು."

ಅವರು ಒಪ್ಪಿದರು, ಆದರೆ ಒಂದು ತಿಂಗಳ ಮಟ್ಟಿಗೆ ಮಾತ್ರ.

ಹೊಸ ಆ್ಯಪ್ ಬಂದ ದಿನ ನೀಲಗಂಗಾಳಿಂದ ಬೆಳಗಿನಿಂದಲೇ ಫೋನ್ ಮೇಲೆ ಫೋನ್. "ವೈನಿ, ಇದು ಸತ್ತದೇನು? ಏನೂ ಮಾತಾಡ್ವಲ್ದು."

"ಸತ್ತಿಲ್ಲ. ನೀ ನಡಿ."

"ಕೇಳದಿದ್ರ ಅಂಜಿಕಿ ಆಗ್ತದ. ನಾ ಖರೇನೇ ಸರ್ವೆ ಮಾಡ್ಲತ್ತೀನೋ, ಸುಮ್ನ ಅಡ್ಡಾಡ್ಲತ್ತೀನೋ?"

ಅಂಜಿಕೆ ಎರಡು ದಿನವಿತ್ತು, ಆಮೇಲೆ ಹೋಯಿತು. ಪರದೆಗೆ ಅಂಟಿಕೊಂಡಿದ್ದ ಕಣ್ಣುಗಳು ಮೇಲೆದ್ದವು. ಸಂಜೆ ಊಟಕ್ಕೆ ಕೂತಾಗ ನೀಲಗಂಗಾ ಪುಂಡಿಪಲ್ಯ ಕಲಸುತ್ತ, ದರ್ಗಾದ ಹಿಂದಿನ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ತಣ್ಣಗಿದೆಯೆಂದೂ, ಹಳೆಯ ಕಲ್ಲಿನ ಖಣಿಯ ಬಿರುಕಿನ ಹತ್ತಿರ ನಿಂತರೆ ಕಾಲಿಗೆ ಗಾಳಿ ಬಡಿಯುತ್ತದೆಂದೂ ಹೇಳತೊಡಗಿದಳು. ಅದೇ ಹಾದಿಗಳಲ್ಲಿ ಅವಳು ಎಷ್ಟೋ ತಿಂಗಳಿನಿಂದ ನಡೆದಿದ್ದಳು.

ಆ್ಯಪ್ ಕೇಳುವುದನ್ನು ಪೂರ್ತಿ ಬಿಟ್ಟಿರಲಿಲ್ಲ. ಒಮ್ಮೊಮ್ಮೆ, ಎಲ್ಲೋ ಒಂದೆಡೆ, ಮೊಬೈಲ್ ಮೆಲ್ಲಗೆ ನಡುಗಿ ಒಂದು ಸಾಲು ತೋರಿಸುತ್ತಿತ್ತು: 'ಇಲ್ಲಿ ನೆಲ ಹಗುರವಾಗಿದೆ. ಇನ್ನೊಮ್ಮೆ ನಿಲ್ಲುವಿರಾ?' ಕೆಳಗೆ ಎರಡು ಉತ್ತರ. ಒಂದು, 'ನಿಲ್ಲುತ್ತೇನೆ'. ಇನ್ನೊಂದು, ನೆಲ ನಡುಗಿ ಅಳತೆ ಕೆಟ್ಟಿದ್ದರೆ ಒತ್ತಲು, 'ಬೇಡ, ವಾಹನ ಹಾದುಹೋಯಿತು'. ಆ ಪ್ರಶ್ನೆ ಬಂದಾಗ ಹೆಣ್ಣುಮಕ್ಕಳು ನಿಲ್ಲುತ್ತಿದ್ದರು. ಅಪರೂಪಕ್ಕೆ ಬಾಯಿ ಬಿಡುವವರ ಮಾತನ್ನು ಯಾರೇ ಆದರೂ ಕೇಳುತ್ತಾರೆ.

ತಿಂಗಳು ಮುಗಿಯುತ್ತ ಬಂದಿತ್ತು. ಮಾಣಿಕರಾವ್ ಅವರಿಗೆ ವರದಿ ಕೊಡಬೇಕಿದ್ದ ಬೆಳಿಗ್ಗೆ ಜಗದೇವಿ ಗೋಡೆಯ ಪರದೆಯಿಂದ ಹಸಿರು ಚುಕ್ಕೆಗಳನ್ನೆಲ್ಲ ಅಳಿಸಿದಳು. ಎಷ್ಟು ಪ್ರಶ್ನೆ ಕಡಿಮೆಯಾಗಿದೆಯೆಂದು ತೋರಿಸುವುದಷ್ಟೇ ಅವಳ ಉದ್ದೇಶ. ಆ್ಯಪ್ ಪ್ರಶ್ನೆ ಕೇಳಿದ ಜಾಗಗಳನ್ನು ಮಾತ್ರ ಹಳದಿಯಾಗಿ ಉಳಿಸಿದಳು.

ಉಳಿದ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ.

ಹಳೆಯ ಖಣಿಯಿಂದ ಹೊರಟು, ದರ್ಗಾದ ಬಾವಿಯನ್ನು ಸವರಿ, ಸಂತೆ ಮೈದಾನದ ಕೆಳಗೆ ಬಾಗಿ, ಊರಾಚೆಯ ಹೊಳೆಯ ದಿಕ್ಕಿಗೆ ಒಂದು ಸಾಲು ಹರಿದಿತ್ತು. ಅದಕ್ಕೆ ಎಡಬಲದಿಂದ ಸಣ್ಣ ಸಾಲುಗಳು ಬಂದು ಸೇರಿದ್ದವು. ಬೇರೆ ಬೇರೆ ದಿನ, ಬೇರೆ ಬೇರೆ ಹೆಣ್ಣುಮಕ್ಕಳು, ಒಬ್ಬರಿಗೊಬ್ಬರು ಹೇಳದೆ ಕೇಳದೆ ನಿಂತ ಜಾಗಗಳು ಅವು. ಎಲ್ಲ ಸೇರಿ ಒಂದೇ ಬಳ್ಳಿಯಾಗಿದ್ದವು.

ಜಗದೇವಿ ಕುರ್ಚಿಯಿಂದ ಎದ್ದಳು. "ಸರ್," ಎಂದು ಕರೆದಳು.

ಮಾಣಿಕರಾವ್ ಬಂದರು. ಪರದೆಯ ಮುಂದೆ ನಿಂತರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕೂತರು.

"ಸಣ್ಣ ಪೊಳ್ಳು ಅದಾವ ಅಂದ್ಕೊಂಡಿದ್ದೆ. ಒಂದೊಂದು ಬಿಡಿ ಗುಳಿ. ಇಡೀ ಸರ್ವಿಸ್ ಹಂಗೇ ಬರಕೊಂತ ಬಂದೆ." ಅವರು ಕೈಯೆತ್ತಿ ಹಳದಿ ಸಾಲನ್ನು ಗಾಳಿಯಲ್ಲೇ ತೀಡಿದರು. "ಇದು ಗುಳಿ ಅಲ್ಲ, ಜಗದೇವಿ. ಇದು ನದಿ. ನಮ್ಮ ಊರಿನ ಕೆಳಗ ಒಂದು ನದಿ ಅದ."

ಕೆಳಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಕಂಡಕ್ಟರ್ ಸೇಡಂ, ಸೇಡಂ ಎಂದು ಕೂಗುತ್ತಿದ್ದ. ಜಗದೇವಿ ತನ್ನ ಕಾಲ ಕೆಳಗಿನ ನೆಲವನ್ನು ನೋಡಿದಳು. ಮದುವೆಯಾಗಿ ಬಂದಂದಿನಿಂದ ತುಳಿದ ನೆಲ. ಅದರಡಿ ಕತ್ತಲಲ್ಲಿ ನೀರು ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು.

ಆಮೇಲೆ ಅವಳ ಕಣ್ಣು ಆ ಸಾಲು ಸಂತೆ ಮೈದಾನದಿಂದ ಮುಂದೆ ಎತ್ತ ಹೋಗಿದೆಯೆಂದು ಹುಡುಕಿತು. ಸಾಲು ಅಲ್ಲಿ ತುಂಡಾಗಿತ್ತು. ಅಲ್ಲಿಂದ ಹೊಳೆಯವರೆಗಿನ ನಡುವಿನ ಭಾಗವನ್ನು ಹೊಸ ಆ್ಯಪ್ ಹಿಡಿದು ಇನ್ನೂ ಯಾರೂ ನಡೆದಿರಲಿಲ್ಲ. ಆ ನಡುವೆ ಇದ್ದದ್ದು ಅವರ ಓಣಿ.

ಅದನ್ನು ನಡೆಯುವ ಪಾಳಿ ನೀಲಗಂಗಾಳಿಗೆ ಬಂತು. ಬೇರೆಯವರನ್ನು ಕಳಿಸೋಣವೆಂದರು ಮಾಣಿಕರಾವ್. ನೀಲಗಂಗಾ ಕೇಳಲಿಲ್ಲ. "ನಮ್ಮ ಓಣಿ, ನಾನೇ ನಡೀತೀನಿ" ಎಂದಳು.

ಅಂದು ಮಧ್ಯಾಹ್ನ ಜಗದೇವಿ ಪರದೆಯ ಮುಂದೆ ಕೂತಿದ್ದಳು. ಓಣಿಯ ಬಾಯಿಂದ ಹಸಿರು ಚುಕ್ಕೆಗಳು ಒಂದರ ಹಿಂದೊಂದು ಮೂಡುತ್ತ ಬಂದವು. ಹಿಟ್ಟಿನ ಗಿರಣಿ ದಾಟಿದವು. ಬೇವಿನ ಮರ ದಾಟಿದವು. ತಮ್ಮ ಮನೆಯ ಕಟ್ಟೆಯ ಮುಂದೆ ಚುಕ್ಕೆ ಹಳದಿಯಾಯಿತು.

ಹಳದಿಯಾಗಿ, ಮಿಣುಕುತ್ತ ಅಲ್ಲೇ ನಿಂತಿತು. ಪ್ರಶ್ನೆ ಹೋಗಿದೆ, ಉತ್ತರ ಬಂದಿಲ್ಲ.

ಅಲ್ಲಿ ನೀಲಗಂಗಾ ಏನು ಯೋಚಿಸುತ್ತಿರಬಹುದೆಂದು ಜಗದೇವಿಗೆ ಗೊತ್ತಿತ್ತು. 'ವಾಹನ ಹಾದುಹೋಯಿತು' ಎಂದು ಒತ್ತಿದರೆ ಆ್ಯಪ್ ನಂಬುತ್ತದೆ. ಚುಕ್ಕೆ ಅಳಿಸಿಹೋಗುತ್ತದೆ. ಮನೆ ಉಳಿಯುತ್ತದೆ, ಮುಂದಿನ ಕೋಣೆ ಉಳಿಯುತ್ತದೆ. ಹಳೆಯ ಆ್ಯಪ್ ಆಗಿದ್ದರೆ ಇಷ್ಟು ಹೊತ್ತಿಗೆ ನೋಡದೆಯೇ 'ಹೌದು' ಒತ್ತಿ ಮುಂದೆ ಹೋಗಿರುತ್ತಿದ್ದಳು, ಯಾರ ಮೇಲೂ ಯಾವ ಭಾರವೂ ಬೀಳುತ್ತಿರಲಿಲ್ಲ. ಜಗದೇವಿ ಫೋನ್ ಕೈಗೆತ್ತಿಕೊಂಡಳು. ಹೆಸರು ಹುಡುಕಿದಳು. ಕರೆದು ಏನೆನ್ನುವುದು? ನಿಲ್ಲು ಎನ್ನುವುದೋ, ನಡಿ ಎನ್ನುವುದೋ? ಅವಳು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು.

ಚುಕ್ಕೆ ಮಿಣುಕುವುದು ನಿಂತಿತು. ಉತ್ತರ ಬಂದಿತ್ತು: 'ನಿಲ್ಲುತ್ತೇನೆ'.

ಎರಡನೆಯ ಅಳತೆ ಮೊದಲಿನದಕ್ಕಿಂತ ಹಗುರವಾಗಿತ್ತು. ಆ್ಯಪ್ ಕೇಳದಿದ್ದರೂ ನೀಲಗಂಗಾ ಮೂರನೆಯ ಸಲವೂ ನಿಂತಳು. ಇನ್ನೂ ಹಗುರ. ಮಾಣಿಕರಾವ್ ಎದ್ದು ನಿಂತಿದ್ದರು. "ಪೊಳ್ಳಿನ ಛಾವಣಿ ಕೆಳಗಿನಿಂದ ಉದುರ್ಲತ್ತದ. ಮ್ಯಾಲ ಉಳಿದಿರೋ ಕಲ್ಲು ತೆಳುವಾಗ್ಲತ್ತದ. ಇವತ್ತೇ ಓಣಿ ಖಾಲಿ ಮಾಡಿಸ್ಬೇಕು."

ಜಗದೇವಿ ಮನೆಗೆ ಓಡಿದಾಗ ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. ಗಂಡ ಚಂದ್ರಶಾ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ನೀಲಗಂಗಾ ಗೋಡೆಗೆ ಒರಗಿ ನಿಂತಿದ್ದಳು, ಮುಖ ಸುಣ್ಣದ ಹಾಗೆ ಬಿಳುಪಾಗಿತ್ತು.

"ಮೊಬೈಲ್ ಹೇಳ್ತಂತ ನಾ ಮನಿ ಬಿಡ್ಲಿ?" ಭೀಮಬಾಯಿ ಮಗಳನ್ನು ಗದರಿದರು. "ಕಲ್ಲಿನ ಮನಿ ಇದು. ನಿಮ್ಮಪ್ಪ ಒಂದೊಂದು ಕಲ್ಲೂ ತಾನೇ ಆರಿಸಿ ಕಟ್ಟಿದ್ದು. ಆ ಡಬ್ಬಿ ದಿನಾ ಬೆಳಗಾದ್ರ ಸರಿಯೇ, ಖಾತ್ರಿಯೇ ಅಂತ ಒದರ್ತಿತ್ತು ಅಂತ ನೀನೇ ಬೈತಿದ್ದಿ."

ನೀಲಗಂಗಾ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅವ್ವ, ಆಗ ಒದರ್ತಿತ್ತು, ಖರೇ. ಈಗ ಒದರಲ್ಲ. ಓಣಿ ಬಾಯಿಂದ ಇಲ್ಲಿತನಕ ಒಂದು ಮಾತೂ ಆಡಲಿಲ್ಲ. ನಮ್ಮ ಕಟ್ಟಿ ಮುಂದ ಬಂದು ಒಂದೇ ಮಾತು ಕೇಳ್ತು." ಅವಳ ದನಿ ಒಡೆಯಿತು. "ಸುಳ್ಳು ಹೇಳಬೇಕಂತ ಮಾಡಿದ್ದೆ. ಹೇಳ್ಲಾಕ ಆಗಲಿಲ್ಲ."

ಭೀಮಬಾಯಿ ಮಗಳ ಮುಖ ನೋಡಿದರು. ಹೊಸ್ತಿಲಿಗೆ ಕೈಯೂರಿ ಎದ್ದರು. "ಮೊದಲು ದೇವರ ಜಗಲಿ ಖಾಲಿ ಮಾಡ್ರಿ," ಎಂದರು. "ಆಮ್ಯಾಲ ಹಿಟ್ಟಿನ ಡಬ್ಬಿ."

ಓಣಿಯವರೆಲ್ಲ ಶಾದಿಮಹಲಿನಲ್ಲಿ ತಂಗಿದರು. ಒಂದು ವಾರ ಕಳೆಯಿತು. ನೆಲ ಅಲುಗಲಿಲ್ಲ. ಗೊಣಗಾಟ ಶುರುವಾಯಿತು. ನಲ್ಲಿಯ ಹತ್ತಿರ ಒಬ್ಬಾಕೆ ನೀಲಗಂಗಾಳಿಗೆ ಕೇಳಿಸುವಂತೆಯೇ, "ಈಕಿ ಅಲ್ಲಿ ನಿಂತದ್ದಕ್ಕ ನಾವಿಲ್ಲಿ ಬಂದು ನಿಂತೀವಿ" ಎಂದಳು. ನೀಲಗಂಗಾ ಕೊಡ ತುಂಬಿಕೊಂಡು ಬಂದಳು. ಆ ಹೊತ್ತು ಅವಳು ಉಣ್ಣಲಿಲ್ಲ.

ನೆಲ ಬಾಯಿ ಬಿಟ್ಟದ್ದು ಒಂದು ಬೆಳಿಗ್ಗೆ, ಬಿಸಿಲೇರಿದ ಮೇಲೆ. ಜಗದೇವಿ ಕಚೇರಿಯ ಕಿಟಕಿಯಿಂದ ಕಂಡಳು: ಗಾಳಿಯೇ ಇಲ್ಲದಾಗ ಓಣಿಯ ಬೇವಿನ ಮರ ಥರಥರ ನಡುಗಿತು. ಕಾಗೆಗಳು ಒಮ್ಮೆಗೇ ಹಾರಿದವು. ಮರ ನಿಂತ ನಿಲುವಿನಲ್ಲೇ, ಬಾಗದೆ, ಕೆಳಗಿಳಿದು ಕಣ್ಮರೆಯಾಯಿತು. ಅದಾದ ಮೇಲೆ ಸದ್ದು ಬಂತು. ದೂಳು ಎದ್ದು ಊರನ್ನೇ ಮುಚ್ಚಿತು.

ದೂಳು ಇಳಿದಾಗ ಓಣಿಯ ನಡುವೆ ಒಂದು ದೊಡ್ಡ ಬಾಯಿ ತೆರೆದಿತ್ತು. ಅವರ ಮನೆಯ ಮುಂದಿನ ಕೋಣೆ ಇರಲಿಲ್ಲ. ಹಿಂದಿನ ಗೋಡೆ ಮಾತ್ರ, ಅದರ ಮೇಲಿನ ಕ್ಯಾಲೆಂಡರಿನ ಸಮೇತ, ಆಕಾಶಕ್ಕೆ ತೆರೆದುಕೊಂಡು ನಿಂತಿತ್ತು. ಒಂದು ಕೋಳಿಗೂ ಏಟಾಗಿರಲಿಲ್ಲ.

ಜನ ಹಗ್ಗದ ಆಚೆ ಸೇರಿದರು. ಅಳುವವರು ಅಳುತ್ತಿದ್ದರು. ಆಗ ಕೆಳಗಿನಿಂದ ತಣ್ಣನೆಯ ಗಾಳಿ ಎದ್ದು ಬಂದು ಎಲ್ಲರ ಮುಖಕ್ಕೆ ಬಡಿಯಿತು. ಗಾಳಿಯ ಹಿಂದೆ ಒಂದು ಸದ್ದಿತ್ತು. ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಅಳು ತಾನಾಗಿ ನಿಂತಿತು. ನಲ್ಲಿಯ ಹತ್ತಿರ ಕೊಂಕು ನುಡಿದಿದ್ದಾಕೆ ನೀಲಗಂಗಾಳ ಕೈಹಿಡಿದುಕೊಂಡು, ಬಿಡದೆ ಹಾಗೆಯೇ ನಿಂತಳು.

"ನೀರು," ಎಂದರು ಭೀಮಬಾಯಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಇಷ್ಟು ದಿನ ಇದರ ಮ್ಯಾಲೇ ಮಲಗಿದ್ದೆವಲ್ಲೇ ನಾವು."

ಕುಸಿದ ಬಾಯಿಯ ಅಂಚುಗಳು ಗಟ್ಟಿಯಾಗಿವೆಯೆಂದು ಖಚಿತವಾಗಲು ಮಳೆಗಾಲವೇ ಕಳೆಯಬೇಕಾಯಿತು. ಮೊದಲು ಕೆಳಗಿಳಿಯುವ ತಂಡದಲ್ಲಿ ಸರ್ವೆಗೆ ನಡೆದ ಹೆಣ್ಣುಮಕ್ಕಳಲ್ಲೊಬ್ಬರು ಇರಲೇಬೇಕೆಂದು ಮಾಣಿಕರಾವ್ ಹಟ ಹಿಡಿದರು. ಖಣಿಯಲ್ಲಿ ಫರ್ಷಿ ಎತ್ತುವ ಕ್ರೇನಿಗೆ ಕಬ್ಬಿಣದ ತೊಟ್ಟಿಲು ಕಟ್ಟಿ, ಚಂದ್ರಶಾನೇ ಅದನ್ನು ನಡೆಸಿದ. ತೊಟ್ಟಿಲಲ್ಲಿ ಮಾಣಿಕರಾವ್, ಜಗದೇವಿ, ನೀಲಗಂಗಾ.

ಇಳಿಯುತ್ತ ಇಳಿಯುತ್ತ ಬಿಸಿಲು ಒಂದು ಕಂಬವಾಗಿ ಅವರ ಜೊತೆಗೇ ಇಳಿಯಿತು. ಸುತ್ತ ಕಲ್ಲಿನ ಪದರಗಳು, ಒಂದರ ಮೇಲೊಂದು ಜೋಡಿಸಿದ ರೊಟ್ಟಿಗಳಂತೆ, ಬೂದು, ತಿಳಿಹಸಿರು, ಕೆಂಪು. ಜಗದೇವಿ ನಿತ್ಯ ಒರೆಸುತ್ತಿದ್ದ ನೆಲದ ಬಣ್ಣಗಳೇ ಅವು, ಆದರೆ ಇಲ್ಲಿ ಅವುಗಳಿಗೆ ತುದಿಮೊದಲಿರಲಿಲ್ಲ. ಆಮೇಲೆ ಗೋಡೆಗಳು ಒಮ್ಮೆಲೇ ಹಿಂದೆ ಸರಿದವು. ಅವರು ಒಂದು ಹಜಾರದೊಳಗೆ ತೂಗಾಡುತ್ತಿದ್ದರು. ಟಾರ್ಚಿನ ಬೆಳಕು ಎದುರಿನ ದಡ ಮುಟ್ಟಲಿಲ್ಲ. ಊರಿನ ಸಂತೆ, ಬಸ್ ನಿಲ್ದಾಣ, ದರ್ಗಾ, ಎಲ್ಲವನ್ನೂ ತಂದಿಟ್ಟರೂ ಇನ್ನೂ ಜಾಗ ಉಳಿಯುವಂತಿತ್ತು. ಛಾವಣಿಯಿಂದ ಸುಣ್ಣದ ಬಿಳಿ ಜಡೆಗಳು ಇಳಿದಿದ್ದವು. ಕೆಳಗೆ, ಬಿಸಿಲಿನ ಕಂಬ ಮುಟ್ಟಿದಲ್ಲಿ, ನೀರು ಹಸಿರಾಗಿ ಹೊಳೆದು, ಮತ್ತೆ ಕಪ್ಪಾಗಿ, ಅವಸರವಿಲ್ಲದೆ ಹರಿದು ಹೋಗುತ್ತಿತ್ತು.

"ಎಲ್ಲಿಗೆ ಹೋಗ್ತದ್ರಿ ಇದು?" ಜಗದೇವಿ ಪಿಸುಗುಟ್ಟಿದಳು. ಜೋರಾಗಿ ಮಾತಾಡಲು ಬಾಯಿ ಬರಲಿಲ್ಲ.

"ಗೊತ್ತಿಲ್ಲ," ಎಂದರು ಮಾಣಿಕರಾವ್. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು. "ಎಲ್ಲಿಂದ ಬರ್ತದ ಅಂತಾನೂ ಗೊತ್ತಿಲ್ಲ."

ತೊಟ್ಟಿಲು ನೀರಿನಂಚಿನ ಕಲ್ಲಹಾಸಿನ ಮೇಲೆ ಇಳಿಯಿತು. ನೀಲಗಂಗಾ ಮೊದಲು ಕಾಲಿಟ್ಟಳು. ಮಂಡಿಯೂರಿ ಕೂತು, ಅಂಗೈಯನ್ನು ನೀರಿನಲ್ಲಿ ಬಿಟ್ಟಳು. ಜಗದೇವಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಳು. ನೀರಿನೊಳಗಿಂದ ಬೆರಳುದ್ದದ ಒಂದು ಮೀನು ಬಂತು. ಹಾಲಿನಂಥ ಬಿಳುಪು. ಅದರ ತಲೆಯಲ್ಲಿ ಕಣ್ಣಿನ ಜಾಗವೇ ಇರಲಿಲ್ಲ. ಬೆಳಕಿಗೆ ಅದು ಬೆದರಲಿಲ್ಲ. ಬೆಳಕೆಂದರೇನೆಂದು ಅದಕ್ಕೆ ಗೊತ್ತಿರಲಿಲ್ಲ. ಕೈಗೂ ಬೆದರಲಿಲ್ಲ, ಕೈಯೆಂಬುದು ಆ ಲೋಕದಲ್ಲಿ ಅದುವರೆಗೆ ಇರಲೇ ಇಲ್ಲ. ಅದು ನೀಲಗಂಗಾಳ ಅಂಗೈಯ ಗೆರೆಗಳನ್ನು ಮೂತಿಯಿಂದ ಮುಟ್ಟುತ್ತ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ಈಜಿತು.

"ವೈನಿ," ಎಂದಳು ನೀಲಗಂಗಾ, ಉಸಿರು ಹಿಡಿದು, "ಅಲುಗಬ್ಯಾಡ."

ಇಬ್ಬರೂ ಅಲುಗಲಿಲ್ಲ. ಕತ್ತಲಿನಿಂದ ಇನ್ನೊಂದು ಮೀನು ಬಂತು. ಅದರ ಹಿಂದೆ ಮತ್ತೊಂದು.